ಹಿಮ್ಮುಖವಾಗಿ ನಡೆಯುವ ಡಿಬಗರ್: ಅದು ಎಡವುವ ಸ್ಥಳಗಳು ಮತ್ತು ಪರಿಶೀಲಿಸುವ ಕ್ರಮ

ಗಣಿತದ ಉತ್ತರಪತ್ರಿಕೆಯನ್ನು ತಿದ್ದುವ ಶಿಕ್ಷಕರು ತಪ್ಪು ಉತ್ತರವೊಂದನ್ನು ಕಂಡೊಡನೆ ಕೊನೆಯ ಸಾಲಿನಿಂದ ಮೇಲಕ್ಕೆ ಓದತೊಡಗುತ್ತಾರೆ. ಕೊನೆಯ ಹಂತ ಸರಿಯಿದೆಯೇ, ಅದರ ಹಿಂದಿನದು ಸರಿಯಿದೆಯೇ ಎಂದು ಒಂದೊಂದಾಗಿ ಹಿಂದೆ ಸರಿದು, ಮೊದಲ ಬಾರಿಗೆ ಲೆಕ್ಕ ಹಾದಿ ತಪ್ಪಿದ ಸ್ಥಳದಲ್ಲಿ ಕೆಂಪು ಗುರುತು ಹಾಕುತ್ತಾರೆ. ಹಂತಗಳನ್ನು ಬರೆಯದೆ ಉತ್ತರವನ್ನು ಮಾತ್ರ ಬರೆದ ವಿದ್ಯಾರ್ಥಿಯ ವಿಷಯದಲ್ಲಿ ಈ ಕೆಲಸ ಸಾಧ್ಯವಾಗುವುದಿಲ್ಲ. ಸ್ಲೇಟಿನ ಮೇಲೆ ಬರೆದು ಬರೆದು ಒರೆಸಿದವನ ವಿಷಯದಲ್ಲಿಯೂ ಹಾಗೆಯೇ. ಗಣಕಯಂತ್ರವು ಸ್ವಭಾವತಃ ಈ ಎರಡನೆಯ ಬಗೆಯ ವಿದ್ಯಾರ್ಥಿ. ಅದು ಸ್ಮೃತಿಯ ಒಂದು ಕೋಶದಲ್ಲಿ ಹೊಸ ಬೆಲೆಯನ್ನು ಬರೆಯುವಾಗ ಹಳೆಯದನ್ನು ಅಳಿಸಿಯೇ ಬರೆಯುತ್ತದೆ.

ತಂತ್ರಾಂಶದಲ್ಲಿ ತಪ್ಪು ಹುಡುಕುವ ಸಾಧನಕ್ಕೆ ಡಿಬಗರ್ ಎಂದು ಹೆಸರು. ಕನ್ನಡದಲ್ಲಿ ದೋಷಶೋಧಕ ಎನ್ನಬಹುದು. ಆದರೆ ಮಕ್ಕಳು ಪ್ರಯೋಗಾಲಯದಲ್ಲಿ ಡಿಬಗರ್ ಎಂದೇ ಹೇಳುತ್ತಾರಾದ್ದರಿಂದ ಆ ಪದವನ್ನೇ ಇಲ್ಲಿ ಇಟ್ಟುಕೊಂಡಿದೆ. ಸಾಮಾನ್ಯವಾಗಿ ಡಿಬಗರ್ ಕಾರ್ಯಕ್ರಮವನ್ನು ಒಂದೊಂದು ಸಾಲಿನಂತೆ ಮುಂದಕ್ಕೆ ನಡೆಸುತ್ತದೆ. ಹಿಂದಕ್ಕೆ ನಡೆಸಬಲ್ಲ ಡಿಬಗರನ್ನು ಕುರಿತ ಆಲೋಚನೆಯೂ ಹೊಸದಲ್ಲ. ರಾಬರ್ಟ್ ಬಾಲ್ಜರ್ ಅವರು 1969ರಲ್ಲಿ ಪ್ರಕಟಿಸಿದ ಎಕ್ಸ್‌ಡ್ಯಾಮ್ಸ್ ವ್ಯವಸ್ಥೆಯಲ್ಲಿ ಅದರ ಬೀಜವಿತ್ತು. 1973ರಲ್ಲಿ ಮಾರ್ವಿನ್ ಜೆಲ್ಕೊವಿಟ್ಜ್ ಅವರು ಹಿಮ್ಮುಖ ಚಾಲನೆಯನ್ನೇ ವಿಷಯವಾಗಿಟ್ಟುಕೊಂಡು ಲೇಖನ ಬರೆದರು. ಆದರೆ ಜನಸಾಮಾನ್ಯರ ಕೈಗೆ ಅದು ಬಂದದ್ದು ತಡವಾಗಿ. ರಿಚರ್ಡ್ ಸ್ಟಾಲ್‌ಮನ್ ಅವರು 1986ರಲ್ಲಿ ಬರೆದ ಜಿಡಿಬಿ ಎಂಬ ಡಿಬಗರಿಗೆ 2009ರಲ್ಲಿ ಬಂದ 7.0 ಆವೃತ್ತಿಯಲ್ಲಿ ಹಿಂದಕ್ಕೆ ನಡೆಯುವ ಶಕ್ತಿ ಸೇರಿತು.

ಜಿಡಿಬಿ ಸ್ವತಂತ್ರ ತಂತ್ರಾಂಶ, ಬೆಲೆ ಕೊಡಬೇಕಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ಉಬುಂಟು ಆಧಾರಿತ ಗ್ನೂ/ಲಿನಕ್ಸ್ ಇರುವುದರಿಂದ ಅಲ್ಲಿಯ ಶಿಕ್ಷಕರಿಗೆ ಇದನ್ನು ಪಡೆಯುವುದು ಕಷ್ಟವಲ್ಲ. ಇತರ ರಾಜ್ಯಗಳ ಗಡಿಶಾಲೆಗಳಲ್ಲಿ ಆಯಾ ಪ್ರಯೋಗಾಲಯದ ಸ್ಥಿತಿಯನ್ನು ನೋಡಿಕೊಳ್ಳಬೇಕು. ಒಂದು ತೊಡಕು ಮಾತ್ರ ಎಲ್ಲೆಡೆಯೂ ಸಮಾನ. ಡಿಬಗರಿನ ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ, ಅದೂ ಬಹಳ ಮೊಟಕಾದ ಇಂಗ್ಲಿಷಿನಲ್ಲಿ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಪಾಠದಲ್ಲಿ ಒಂದು ಭಾಷೆಯನ್ನು ಬಳಸುವ ನಮ್ಮ ಮಕ್ಕಳಿಗೆ ಇದು ಮೂರನೆಯದೋ ನಾಲ್ಕನೆಯದೋ ಭಾಷೆ. ಸಂದೇಶವನ್ನು ತಪ್ಪಾಗಿ ಓದಿದರೆ ತಪ್ಪಿಲ್ಲದ ಸಾಲನ್ನು ತಪ್ಪಿತಸ್ಥನೆಂದು ಹಿಡಿಯುವ ಅಪಾಯವಿದೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಅದೇ, ಮತ್ತು ಆ ತಪ್ಪನ್ನು ಮೊದಲು ಮಾಡಿದವನು ಈ ಲೇಖಕನೇ.

ಕೀರ್ದಿ ಪುಸ್ತಕದ ಉಪಾಯ

ಅಳಿಸಿ ಬರೆಯುವ ಯಂತ್ರವು ಹಿಂದಕ್ಕೆ ಹೋಗುವುದಾದರೂ ಹೇಗೆ? ಅಂಗಡಿಯವರು ದಿನದ ವ್ಯವಹಾರವನ್ನು ಕೀರ್ದಿಯಲ್ಲಿ ಬರೆದಿಡುವಂತೆ ಡಿಬಗರೂ ಒಂದು ಕೀರ್ದಿಯನ್ನು ಇಡುತ್ತದೆ. ಯಂತ್ರದ ಪ್ರತಿಯೊಂದು ಆದೇಶ ನಡೆಯುವುದಕ್ಕೆ ಮುಂಚೆ ಅದನ್ನು ತಡೆದು ನಿಲ್ಲಿಸಿ, ಆ ಆದೇಶದಿಂದ ಯಾವ ರಿಜಿಸ್ಟರ್ ಬದಲಾಗಲಿದೆ, ಸ್ಮೃತಿಯ ಯಾವ ಕೋಶ ಬದಲಾಗಲಿದೆ ಎಂಬುದನ್ನು ಲೆಕ್ಕಹಾಕಿ, ಅವುಗಳ ಹಳೆಯ ಬೆಲೆಗಳನ್ನು ಬರೆದಿಟ್ಟುಕೊಂಡು, ಅನಂತರ ಆದೇಶವನ್ನು ನಡೆಯಗೊಡುತ್ತದೆ. ಹಿಂದಕ್ಕೆ ಹೋಗಬೇಕೆಂದಾಗ ಕೀರ್ದಿಯ ಕೊನೆಯ ನಮೂದಿನಲ್ಲಿರುವ ಹಳೆಯ ಬೆಲೆಯನ್ನು ಸ್ಮೃತಿಗೂ ಸ್ಮೃತಿಯಲ್ಲಿರುವ ಹೊಸ ಬೆಲೆಯನ್ನು ಕೀರ್ದಿಗೂ ಅದಲುಬದಲು ಮಾಡುತ್ತದೆ. ಹೀಗೆ ಅದಲುಬದಲು ಮಾಡುವುದರಿಂದ ಅದೇ ಕೀರ್ದಿಯನ್ನು ಹಿಡಿದು ಮತ್ತೆ ಮುಂದಕ್ಕೂ ಬರಬಹುದು. ಒಂದೊಂದು ಆದೇಶಕ್ಕೂ ನಿಂತು ಬರೆಯಬೇಕಾದ್ದರಿಂದ ಕಾರ್ಯಕ್ರಮವು ಬಹಳ ನಿಧಾನವಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ತರಗತಿಯಲ್ಲಿ ಇದನ್ನು ಯಂತ್ರವಿಲ್ಲದೆಯೇ ಮಾಡಿಸಬಹುದು. ಒಬ್ಬ ವಿದ್ಯಾರ್ಥಿ ಕರಿಹಲಗೆಯ ಬಳಿ ಯಂತ್ರವಾಗಿ ನಿಲ್ಲಲಿ. ಇನ್ನೊಬ್ಬಳು ಕೀರ್ದಿ ಬರೆಯಲಿ. ಹಲಗೆಯ ಮೇಲೆ ಅ ಎಂಬ ಕೋಶದಲ್ಲಿ 5, ಆ ಎಂಬ ಕೋಶದಲ್ಲಿ 3 ಇರಲಿ. ಮೊದಲ ಆದೇಶ: ಅ-ಗೆ ಆ-ವನ್ನು ಕೂಡು. ಎರಡನೆಯದು: ಆ-ವನ್ನು ಸೊನ್ನೆ ಮಾಡು. ಮೂರನೆಯದು: ಅ-ವನ್ನು ಇಮ್ಮಡಿಸು. ಕೊನೆಗೆ ಅ 16, ಆ 0. ಕೀರ್ದಿಯಲ್ಲಿ ಕ್ರಮವಾಗಿ ಅ 5 ಇತ್ತು, ಆ 3 ಇತ್ತು, ಅ 8 ಇತ್ತು ಎಂಬ ಮೂರು ನಮೂದುಗಳಿರುತ್ತವೆ. ಕೀರ್ದಿಯನ್ನು ಮುಚ್ಚಿಟ್ಟು, ಹಿಂದಕ್ಕೆ ಹೋಗಿರಿ ಎಂದರೆ ಮಕ್ಕಳು 16ನ್ನು ಅರ್ಧ ಮಾಡಿ 8 ಎನ್ನುತ್ತಾರೆ. ಆದರೆ ಆ-ದಲ್ಲಿ ಸೊನ್ನೆಗಿಂತ ಮೊದಲು ಏನಿತ್ತೆಂದು ಹೇಳಲಾರರು. ಕೂಡಿದ್ದನ್ನು ಕಳೆಯಬಹುದು, ಒರೆಸಿದ್ದನ್ನು ಊಹಿಸಲಾಗದು ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.

ಈಗ ಕೀರ್ದಿಯವಳಿಗೆ ಗುಟ್ಟಾಗಿ ಹೇಳಿ ಎರಡನೆಯ ನಮೂದನ್ನು ಬಿಡಿಸಿರಿ. ಆರಂಭಕ್ಕೆ ಮರಳಿದಾಗ ಅ 5 ಆಗಿರುತ್ತದೆ, ಆ ಮಾತ್ರ 0 ಆಗಿಯೇ ಉಳಿಯುತ್ತದೆ. ಎಲ್ಲೋ ಲೋಪವಾಗಿದೆ ಎಂದು ಎಲ್ಲರಿಗೂ ಕಾಣುತ್ತದೆ. ಇನ್ನೊಮ್ಮೆ ಆಡಿಸಿ, ಎರಡನೆಯದರ ಬದಲು ಮೂರನೆಯ ನಮೂದನ್ನು ಬಿಡಿಸಿರಿ. ಹಿಂದಕ್ಕೆ ಹೋಗುವಾಗ ನಡುವೆ ಅ 8 ಇರಬೇಕಾದಲ್ಲಿ 16 ಇರುತ್ತದೆ; ಆದರೂ ಮೊದಲ ನಮೂದು ಅ-ಗೆ 5ನ್ನು ಕೊಟ್ಟುಬಿಡುವುದರಿಂದ ಆರಂಭದ ಸ್ಥಿತಿ ಸಂಪೂರ್ಣ ಸರಿಯಾಗಿ ಕಾಣುತ್ತದೆ. ತಪ್ಪು ನಡೆದೂ ಮುಚ್ಚಿಹೋಯಿತು. ಈ ಎರಡನೆಯ ಆಟವನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಅಂಕಪಟ್ಟಿಯ ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗಾಗಿ ಸಿ ಭಾಷೆಯಲ್ಲಿ ಒಂದು ಸಣ್ಣ ಕಾರ್ಯಕ್ರಮವನ್ನು ಬರೆದಿದ್ದೆ. ಪ್ರತಿ ವಿದ್ಯಾರ್ಥಿಗೆ ಆರು ವಿಷಯಗಳ ಅಂಕಗಳು, ಅವುಗಳ ಬೆನ್ನಿಗೇ ಒಟ್ಟು. ಕಡತವನ್ನು ಓದುವಾಗಲೇ ಒಟ್ಟನ್ನು ಕೂಡಿಸಿ ಇಡಲಾಗುತ್ತಿತ್ತು. ಅನಂತರ ಮುದ್ರಣ. ಇವೆರಡರ ನಡುವೆ ಒಂದು ಪರಿಶೀಲನೆಯ ಭಾಗವನ್ನು ಆಮೇಲೆ ಸೇರಿಸಿದೆ: ಬೆರಳಚ್ಚಿನ ತಪ್ಪಿನಿಂದ ಯಾವುದಾದರೂ ವಿಷಯದ ಅಂಕ 100ನ್ನು ಮೀರಿದ್ದರೆ ಅದನ್ನು ಸೊನ್ನೆ ಮಾಡಬೇಕು, ಮರುದಿನ ಕೈಯಿಂದ ಸರಿಪಡಿಸಬೇಕು. ಪಟ್ಟಿ ಹೊರಬಂದಾಗ 42 ಮಕ್ಕಳಲ್ಲಿ 41 ಮಕ್ಕಳ ಒಟ್ಟು ಸೊನ್ನೆ. ಕಾಯಿಲೆಯಿಂದ ಎರಡೇ ಪರೀಕ್ಷೆ ಬರೆದಿದ್ದ ಒಬ್ಬ ಹುಡುಗಿಯ ಒಟ್ಟು ಮಾತ್ರ 79 ಎಂದು ಸರಿಯಾಗಿತ್ತು. ಮರುದಿನ ಪಾಲಕರ ಸಭೆಯಿತ್ತು.

ಮೊದಲು ಕಾರ್ಯಕ್ರಮವನ್ನು ಆರಂಭದಿಂದಲೇ ದಾಖಲಿಸಲು ಹೊರಟೆ. ಸ್ಟಾರ್ಟ್ ಎಂದು ಕಾರ್ಯಕ್ರಮವನ್ನು ಎಬ್ಬಿಸಿ, ರೆಕಾರ್ಡ್ ಎಂದು ಕೀರ್ದಿ ತೆರೆದು, ಕಂಟಿನ್ಯೂ ಎಂದು ಓಡಲು ಬಿಟ್ಟರೆ ಕ್ಷಣದಲ್ಲಿ ನಿಂತುಹೋಯಿತು. ಪ್ರೋಸೆಸ್ ರೆಕಾರ್ಡ್ ಈ ಆದೇಶವನ್ನು ಬೆಂಬಲಿಸುವುದಿಲ್ಲ ಎಂಬ ಸಂದೇಶ, ಜೊತೆಗೆ ಸಿ5 ಎಂಬ ಹದಿನಾರು-ಮೂಲದ ಸಂಖ್ಯೆ. ಇದು ನನ್ನ ಕಾರ್ಯಕ್ರಮದ ತಪ್ಪಲ್ಲ. ಕೀರ್ದಿ ಬರೆಯಬೇಕಾದರೆ ಯಂತ್ರದ ಪ್ರತಿಯೊಂದು ಆದೇಶವೂ ಏನನ್ನು ಬದಲಿಸುತ್ತದೆಂದು ಡಿಬಗರಿಗೆ ತಿಳಿದಿರಬೇಕಷ್ಟೆ? ಪ್ರೊಸೆಸರುಗಳಿಗೆ ಆಮೇಲಾಮೇಲೆ ಸೇರಿದ, ಒಮ್ಮೆಗೇ ಅನೇಕ ಸಂಖ್ಯೆಗಳ ಮೇಲೆ ಕೆಲಸ ಮಾಡುವ ಎವಿಎಕ್ಸ್ ಎಂಬ ವರ್ಗದ ಆದೇಶಗಳಲ್ಲಿ ಬಹುಪಾಲನ್ನು ಅದು ಅರಿಯದು. ನಾವು ಅವುಗಳನ್ನು ಬರೆದಿರುವುದಿಲ್ಲ. ಆದರೆ ಅಕ್ಷರಮಾಲೆಯ ಉದ್ದ ಅಳೆಯುವ, ಪ್ರತಿ ಮಾಡುವ ಗ್ರಂಥಾಲಯದ ಕ್ರಿಯೆಗಳು ವೇಗಕ್ಕಾಗಿ ಅವುಗಳನ್ನು ಬಳಸುತ್ತವೆ. ಹಾಗಾಗಿ ಒಂದು ಪ್ರಿಂಟ್‌ಎಫ್ ಇದ್ದರೂ ಸಾಕು, ಕೀರ್ದಿ ಅಲ್ಲಿಗೆ ನಿಲ್ಲಬಹುದು.

ಇದಕ್ಕೆ ಪರಿಹಾರಗಳು ಮೂರು ನಾಲ್ಕು ಇವೆ. ಗ್ರಂಥಾಲಯದ ಕ್ರಿಯೆಗಳ ವಿಳಾಸವನ್ನು ಮೊದಲ ಕರೆಯಲ್ಲಿ ಹುಡುಕುವ ಬದಲು ಆರಂಭದಲ್ಲೇ ಹುಡುಕಿಡುವಂತೆ ಎಲ್‌ಡಿ-ಬೈಂಡ್-ನೌ ಎಂಬ ಪರಿಸರ ಚರಕ್ಕೆ 1 ಎಂಬ ಬೆಲೆ ಕೊಡಬಹುದು. ಆ ಹುಡುಕಾಟದ ನಡುವೆ ಬರುವ ಅಡ್ಡಿ ಇದರಿಂದ ತಪ್ಪುತ್ತದೆ. ಎವಿಎಕ್ಸ್ ಬಳಸಬೇಡವೆಂದು ಜಿಲಿಬ್‌ಸಿ ಗ್ರಂಥಾಲಯಕ್ಕೆ ಟ್ಯೂನಬಲ್ಸ್ ಎಂಬ ಚರದ ಮೂಲಕ ತಿಳಿಸಬಹುದು. ಆದರೆ ಶಾಲೆಯ ಮಟ್ಟಿಗೆ ಅತ್ಯಂತ ಸರಳವಾದ ಹಾದಿಯೆಂದರೆ ಅನುಮಾನವಿರುವ ಭಾಗವನ್ನು ಮಾತ್ರ ದಾಖಲಿಸುವುದು. ನಾನೂ ಅದನ್ನೇ ಮಾಡಿದೆ. ಕಡತ ಓದಿ ಮುಗಿದ ಮರುಸಾಲಿನಲ್ಲಿ ನಿಲುಗಡೆ ಇಟ್ಟು, ಅಲ್ಲಿಂದ ರೆಕಾರ್ಡ್ ಆರಂಭಿಸಿ, ಮುದ್ರಣದ ಮುಂಚೆ ಇನ್ನೊಂದು ನಿಲುಗಡೆ ಇಟ್ಟೆ. ನಡುವೆ ಇದ್ದುದು ಬರಿಯ ಪೂರ್ಣಾಂಕಗಳ ಹೋಲಿಕೆ. ಕೀರ್ದಿ ತಕರಾರಿಲ್ಲದೆ ಸಾಗಿತು.

ಆಮೇಲೆ ಆದ ತಪ್ಪನ್ನು ವಿವರವಾಗಿ ಹೇಳಬೇಕು. ಸರಿಯಾಗಿ ಬಂದ ಒಂದೇ ಒಟ್ಟು ಏಕೆ ಸರಿಯಾಗಿ ಬಂತೆಂದು ತಿಳಿಯುವ ಕುತೂಹಲದಿಂದ ಆ 79ರ ಮೇಲೆ ವಾಚ್ ಎಂಬ ಕಾವಲನ್ನು ಇಟ್ಟು, ರಿವರ್ಸ್-ಕಂಟಿನ್ಯೂ ಎಂದು ಹಿಂದಕ್ಕೆ ಓಡಿಸಿದೆ. ಕಾವಲಿಟ್ಟ ಕೋಶ ಬದಲಾದಲ್ಲಿ ಡಿಬಗರ್ ನಿಲ್ಲಬೇಕು. ಅದು ನಿಂತಿತು. ತೆರೆಯ ಮೇಲೆ ಕಡತ ಓದಿದ ನಂತರದ ಸಾಲು ಕಾಣಿಸಿತು. ಹಾಗಾದರೆ ಓದುವ ಭಾಗದಲ್ಲೇ ತಪ್ಪಿದೆ ಎಂದು ತೀರ್ಮಾನಿಸಿ, ಆ ಸಂಜೆಯನ್ನೆಲ್ಲ ನಿರ್ದೋಷಿಯಾದ ಆ ಭಾಗವನ್ನು ಬಿಚ್ಚಿ ಕಟ್ಟುವುದರಲ್ಲಿ ಕಳೆದೆ. ಸಾಲಿನ ಮೇಲೆ ಬಂದಿದ್ದ ಸಂದೇಶವನ್ನು ಓದಿರಲಿಲ್ಲ. ನೋ ಮೋರ್ ರಿವರ್ಸ್-ಎಕ್ಸಿಕ್ಯೂಶನ್ ಹಿಸ್ಟರಿ ಎಂದು ಅದರಲ್ಲಿತ್ತು. ಕೀರ್ದಿಯ ಮೊದಲ ಪುಟ ಬಂತು, ಇನ್ನು ಹಿಂದಕ್ಕೆ ಹೋಗಲು ಬರಹವಿಲ್ಲ ಎಂದು ಅದರ ಅರ್ಥ. ಡಿಬಗರ್ ಅಲ್ಲಿ ನಿಂತದ್ದು ಕಳ್ಳ ಸಿಕ್ಕಿದ್ದರಿಂದಲ್ಲ, ದಾರಿ ಮುಗಿದದ್ದರಿಂದ. ನನ್ನ ಅನುಭವದಲ್ಲಿ ಹಿಮ್ಮುಖ ಶೋಧನೆಯಲ್ಲಿ ಜನ ಮಾಡುವ ತಪ್ಪುಗಳಲ್ಲಿ ಇದಕ್ಕಿಂತ ಸಾಮಾನ್ಯವಾದದ್ದು ಇನ್ನೊಂದಿಲ್ಲ.

ರಾತ್ರಿ ಮತ್ತೆ ಕುಳಿತು, ಪಟ್ಟಿಯ ಮೊದಲ ವಿದ್ಯಾರ್ಥಿಯ ಸೊನ್ನೆಯ ಮೇಲೆ ಕಾವಲಿಟ್ಟೆ. ಈ ಬಾರಿ ರಿವರ್ಸ್-ಕಂಟಿನ್ಯೂ ಪರಿಶೀಲನೆಯ ಸುತ್ತಿನೊಳಗೆ ನಿಂತಿತು. ಹಳೆಯ ಬೆಲೆ 0, ಹೊಸ ಬೆಲೆ 412 ಎಂದು ತೋರಿಸಿತು. ಇಲ್ಲಿಯೂ ಒಂದು ಗೊಂದಲವಿದೆ. ಕಾಲದ ದೃಷ್ಟಿಯಿಂದ 412 ಹಳೆಯದು, 0 ಹೊಸದು. ಆದರೆ ಡಿಬಗರ್ ತಾನು ನಡೆದ ದಿಕ್ಕಿನಿಂದ ಮಾತನಾಡುತ್ತದೆ. ಹಿಂದಕ್ಕೆ ನಡೆಯುವವನಿಗೆ ಮೊದಲು ಕಂಡದ್ದು 0, ಅನಂತರ ಕಂಡದ್ದು 412. ವಿದ್ಯಾರ್ಥಿಗಳು ಇದನ್ನು ಅದಲುಬದಲಾಗಿ ಓದಿ, ಸೊನ್ನೆಯಿದ್ದಲ್ಲಿ 412 ಬರೆದ ಸಾಲು ಇದು ಎಂದುಕೊಳ್ಳುತ್ತಾರೆ. ಹಿಮ್ಮುಖವಾಗಿ ನಿಂತಾಗ ತೋರಿಸುವ ಸಾಲು ಸಾಮಾನ್ಯವಾಗಿ ಬದಲಾವಣೆಯನ್ನು ಮಾಡಿದ ಸಾಲೇ ಆಗಿರುತ್ತದೆ. ಮುಂದಕ್ಕೆ ನಡೆಸುವಾಗ ಕಾವಲು ಎಚ್ಚರಿಸುವುದು ಬದಲಾವಣೆ ಆದ ಮೇಲೆ; ಆದ್ದರಿಂದ ಅಲ್ಲಿ ಕಾಣುವುದು ಅನೇಕ ಬಾರಿ ಅದರ ಮುಂದಿನ ಸಾಲು. ಈ ಭೇದವನ್ನು ಕಲಿಸದಿದ್ದರೆ ಮಕ್ಕಳು ಒಂದು ಸಾಲು ಆಚೀಚೆ ಹುಡುಕುತ್ತಾರೆ.

ತಪ್ಪು ಹಳೆಯದೇ. ಆರು ಅಂಕಗಳ ಸಾಲಿನಲ್ಲಿ ಕ್ರಮಸಂಖ್ಯೆ 0ಯಿಂದ 5ರವರೆಗೆ ಹೋಗಬೇಕಿತ್ತು. ನಾನು 6ಕ್ಕಿಂತ ಕಡಿಮೆ ಎಂದು ಬರೆಯುವ ಬದಲು 6ಕ್ಕಿಂತ ಕಡಿಮೆ ಅಥವಾ ಸಮ ಎಂದು ಬರೆದಿದ್ದೆ. ಏಳನೆಯ ಕೋಶವೆಂದರೆ ಆರು ಅಂಕಗಳ ಬೆನ್ನಿಗೇ ಇದ್ದ ಒಟ್ಟು. ಅದು 100ನ್ನು ಮೀರಿದ್ದರೆ ಸೊನ್ನೆ. ಎರಡೇ ಪರೀಕ್ಷೆ ಬರೆದವಳ 79 ನೂರರೊಳಗಿದ್ದುದರಿಂದ ಉಳಿಯಿತು. ನಿಜ ಹೇಳಬೇಕೆಂದರೆ ಇಷ್ಟು ಸಣ್ಣ ತಪ್ಪಿಗೆ ಮುಂದಕ್ಕೆ ನಡೆಸುತ್ತಲೇ ಕಾವಲಿಟ್ಟಿದ್ದರೂ ಸಾಕಾಗುತ್ತಿತ್ತು. ಹಿಮ್ಮುಖ ನಡಿಗೆಯ ನಿಜವಾದ ಬೆಲೆ ತಿಳಿಯುವುದು ಹತ್ತು ಬಾರಿ ಓಡಿಸಿದರೆ ಒಮ್ಮೆ ಮಾತ್ರ ತೋರುವ ತಪ್ಪುಗಳಲ್ಲಿ. ಕೈಗೆ ಸಿಕ್ಕಿದ ಆ ಒಂದು ಓಟವನ್ನು ಬಿಡದೆ ಹಿಂದಕ್ಕೆ ಹೋಗಬಹುದು.

ಕೀರ್ದಿಯ ಮಿತಿ ಮತ್ತು ಇತರ ಅಡಚಣೆಗಳು

ರೆಕಾರ್ಡ್ ಹೇಳದೆ ನೇರವಾಗಿ ರಿವರ್ಸ್-ಸ್ಟೆಪ್ ಎಂದರೆ ಈ ಗುರಿಯು ಆ ಆದೇಶವನ್ನು ಬೆಂಬಲಿಸುವುದಿಲ್ಲ ಎಂಬ ಉತ್ತರ ಬರುತ್ತದೆ. ಗಾಬರಿಯಾಗಬೇಕಿಲ್ಲ, ಕೀರ್ದಿ ತೆರೆದಿಲ್ಲ ಅಷ್ಟೆ. ಕಾರ್ಯಕ್ರಮ ಓಡಲಾರಂಭಿಸುವ ಮೊದಲೇ ರೆಕಾರ್ಡ್ ಎಂದರೂ ಅದು ಒಪ್ಪುವುದಿಲ್ಲ, ಏಕೆಂದರೆ ದಾಖಲಿಸಲು ಇನ್ನೂ ಏನೂ ಇಲ್ಲ.

ಕೀರ್ದಿಗೆ ಪುಟಗಳ ಮಿತಿಯಿದೆ. ಬೇರೆ ಏನೂ ಹೇಳದಿದ್ದರೆ 2,00,000 ಆದೇಶಗಳು. ಇದು ದೊಡ್ಡದೆಂದು ಕಂಡರೂ ಯಂತ್ರದ ಲೆಕ್ಕದಲ್ಲಿ ಬಹಳ ಚಿಕ್ಕದು. ಪ್ರತಿ ಸುತ್ತಿಗೆ 20 ಆದೇಶಗಳಿರುವ ಒಂದು ಲೂಪ್ 10,000 ಸುತ್ತು ತಿರುಗಿದರೆ ಕೀರ್ದಿ ತುಂಬಿತು. ತುಂಬಿದಾಗ ಡಿಬಗರ್ ನಿಂತು, ಹಳೆಯ ನಮೂದುಗಳನ್ನು ಅಳಿಸುತ್ತ ಮುಂದುವರಿಯಲೇ ಎಂದು ಕೇಳುತ್ತದೆ. ಹೌದು ಎಂದು ಕೀಲಿಯೊತ್ತಿ ಮರೆತುಬಿಡುವುದು ನಮ್ಮ ಸಾಮಾನ್ಯ ಅಭ್ಯಾಸ. ಆಮೇಲೆ ಹಿಂದಕ್ಕೆ ಹೋದಾಗ ಲೂಪಿನ ನಡುವೆ ಎಲ್ಲೋ ಇತಿಹಾಸ ಮುಗಿಯಿತೆಂಬ ಸಂದೇಶ ಬರುತ್ತದೆ. ಇನ್ಫೋ ರೆಕಾರ್ಡ್ ಎಂಬ ಆದೇಶದಿಂದ ಕೀರ್ದಿಯಲ್ಲಿ ಎಷ್ಟು ನಮೂದುಗಳಿವೆ, ಯಾವುದರಿಂದ ಯಾವುದರವರೆಗೆ ಇವೆ ಎಂಬುದನ್ನು ನೋಡಿಕೊಳ್ಳಬಹುದು. ಮಿತಿಯನ್ನು ಹೆಚ್ಚಿಸಲೂಬಹುದು, ಆದರೆ ಶಾಲೆಯ ಹಳೆಯ ಯಂತ್ರಗಳಲ್ಲಿ ಸ್ಮೃತಿ ಕಡಿಮೆಯಿರುವುದರಿಂದ ಮಿತಿಯನ್ನು ತೆಗೆದುಹಾಕುವ ಬದಲು ದಾಖಲೆಯನ್ನು ತಡವಾಗಿ ಆರಂಭಿಸುವುದು ಜಾಣತನ.

ಹೊರಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ತೆರೆಯ ಮೇಲೆ ಮುದ್ರಿತವಾದ ಸಾಲು, ಕಡತಕ್ಕೆ ಬರೆದ ಅಕ್ಷರ, ಜಾಲದ ಮೂಲಕ ಕಳುಹಿಸಿದ ಸಂದೇಶ ಇವೆಲ್ಲ ಹಾಗೆಯೇ ಉಳಿಯುತ್ತವೆ. ಡಿಬಗರ್ ಹಿಂದಕ್ಕೆ ತರುವುದು ಕಾರ್ಯಕ್ರಮದ ಒಳಗಿನ ಸ್ಥಿತಿಯನ್ನು ಮಾತ್ರ. ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದಾಗ ಮುದ್ರಣ ಎರಡನೆಯ ಬಾರಿ ಏಕೆ ಬರಲಿಲ್ಲವೆಂದು ಚುರುಕಾದ ಮಗು ಕೇಳುತ್ತದೆ. ಆಗ ಕಾರ್ಯಕ್ರಮ ನಿಜವಾಗಿ ಓಡುತ್ತಿರುವುದಿಲ್ಲ, ಕೀರ್ದಿಯನ್ನು ಓದಲಾಗುತ್ತಿರುತ್ತದೆ. ಕೊನೆಯ ನಮೂದು ದಾಟಿದ ಮೇಲಷ್ಟೇ ನಿಜವಾದ ಓಟ ಮತ್ತೆ ಆರಂಭವಾಗುತ್ತದೆ. ಹಿಂದೆ ಇರುವಾಗ ಚರದ ಬೆಲೆಯನ್ನು ಕೈಯಿಂದ ಬದಲಿಸಲು ಹೊರಟರೆ, ಇಲ್ಲಿಂದ ಮುಂದಿನ ಕೀರ್ದಿ ನಿರುಪಯುಕ್ತವಾಗುತ್ತದೆ, ಆಗಬಹುದೇ ಎಂದು ಡಿಬಗರ್ ಕೇಳುತ್ತದೆ. ಆ ಪ್ರಶ್ನೆಗೆ ಓದದೆ ಒಪ್ಪಿಗೆ ಕೊಡಬಾರದು.

ಭಾಷಾಂತರಿಸುವಾಗ ಕಂಪೈಲರಿಗೆ ವೇಗವರ್ಧನೆಯ ಸೂಚನೆ ಕೊಟ್ಟಿದ್ದರೆ ಸಾಲುಗಳ ಕ್ರಮವೇ ಬದಲಾಗಿರುತ್ತದೆ, ಕೆಲವು ಚರಗಳು ಮಾಯವಾಗಿರುತ್ತವೆ. ದೋಷಶೋಧನೆಗೆ ವೇಗವರ್ಧನೆಯನ್ನು ಸೊನ್ನೆಗೆ ಇಳಿಸಿ, ದೋಷಶೋಧಕ ಮಾಹಿತಿಯನ್ನು ಸೇರಿಸಿ ಭಾಷಾಂತರಿಸಬೇಕು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಅಪ್ ಎಂಬ ಆದೇಶದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಪೈಥಾನ್ ಕಲಿಯುವ ಮಕ್ಕಳು ಅದರ ಪಿಡಿಬಿ ಎಂಬ ಡಿಬಗರಿನಲ್ಲಿ ಅಪ್ ಎಂದು ಹೇಳಿ, ಕಾಲದಲ್ಲಿ ಹಿಂದಕ್ಕೆ ಹೋದೆವೆಂದು ಭಾವಿಸುತ್ತಾರೆ. ಪಿಡಿಬಿಗೆ ಹಿಂದಕ್ಕೆ ನಡೆಯಲು ಬರುವುದಿಲ್ಲ. ಅಪ್ ಎಂದರೆ ಈ ಕ್ರಿಯೆಯನ್ನು ಕರೆದ ಕ್ರಿಯೆಯನ್ನು ನೋಡುವುದು, ಕಾಲ ಈಗಿನದೇ. ತಂದೆಯ ಮನೆಗೆ ಹೋಗಿ ನೋಡುವುದಕ್ಕೂ ನಿನ್ನೆಗೆ ಹೋಗಿ ನೋಡುವುದಕ್ಕೂ ಇರುವ ವ್ಯತ್ಯಾಸವದು. ಜಿಡಿಬಿಯಲ್ಲಿ ರಿವರ್ಸ್-ಫಿನಿಶ್ ಎಂದರೆ ಮಾತ್ರ ಕ್ರಿಯೆಯನ್ನು ಕರೆದ ಕ್ಷಣಕ್ಕೆ ನಿಜವಾಗಿ ಮರಳುತ್ತೇವೆ.

ಡಿಬಗರೇ ತಪ್ಪಿದೆಯೆಂಬ ಅನುಮಾನ ಬಂದಾಗ

ಡಿಬಗರೂ ಮನುಷ್ಯರು ಬರೆದ ತಂತ್ರಾಂಶ, ಅದರಲ್ಲಿಯೂ ತಪ್ಪುಗಳಿರುತ್ತವೆ. ಹಿಮ್ಮುಖ ಚಾಲನೆ ವಿಚಿತ್ರವಾಗಿ ವರ್ತಿಸಿದಾಗ ಎರಡು ಪದರಗಳನ್ನು ಬೇರ್ಪಡಿಸಿ ನೋಡಬೇಕು. ಕೆಳಗಿನ ಪದರದಲ್ಲಿ ಯಂತ್ರದ ಒಂದೊಂದು ಆದೇಶವನ್ನು ಹಿಂದೆಗೆಯುವ ಕೀರ್ದಿಯಿದೆ. ಮೇಲಿನ ಪದರದಲ್ಲಿ ಆ ಆದೇಶಗಳನ್ನು ನಮ್ಮ ಸಾಲುಗಳಿಗೆ ಹೊಂದಿಸುವ ಕೋಷ್ಟಕವಿದೆ. ರಿವರ್ಸ್-ಸ್ಟೆಪ್ ಒಂದೇ ಸಾಲಿನಲ್ಲಿ ಎರಡು ಬಾರಿ ನಿಂತರೆ, ಅಥವಾ ನಿಲ್ಲಬೇಕಾದ ಸಾಲನ್ನು ಹಾರಿದರೆ, ರಿವರ್ಸ್-ಸ್ಟೆಪ್‌ಐ ಎಂಬ ಆದೇಶದಿಂದ ಒಂದೊಂದೇ ಯಂತ್ರಾದೇಶದಷ್ಟು ಹಿಂದಕ್ಕೆ ಹೋಗಿ ನೋಡಬೇಕು. ಬೆಲೆಗಳೆಲ್ಲ ಸರಿಯಿದ್ದು, ನಿಲ್ಲುವ ಸ್ಥಳ ಮಾತ್ರ ವಿಚಿತ್ರವಾಗಿದ್ದರೆ ದೋಷವು ಮೇಲಿನ ಪದರದ್ದು. ಫಾರ್ ಲೂಪಿನಂತೆ ಒಂದೇ ಸಾಲಿನಲ್ಲಿ ಆರಂಭ, ಹೋಲಿಕೆ, ಹೆಚ್ಚಳ ಎಂಬ ಮೂರು ಕೆಲಸಗಳಿರುವಲ್ಲಿ ಕೋಷ್ಟಕದಲ್ಲಿ ಆ ಸಾಲಿಗೆ ಹಲವು ನಮೂದುಗಳಿರುತ್ತವೆ. ಮುಂದಕ್ಕೆ ಸರಿಯಾಗಿ ನಡೆಯುವ ಡಿಬಗರ್ ಹಿಂದಕ್ಕೆ ಬರುವಾಗ ಇಲ್ಲಿ ಎಡವಿದ ಉದಾಹರಣೆಗಳಿವೆ. ಇದು ಕಿರಿಕಿರಿಯೇ ಹೊರತು ಅಪಾಯವಲ್ಲ.

ಕೆಳಗಿನ ಪದರದ ತಪ್ಪು ಅಪಾಯಕಾರಿ, ಏಕೆಂದರೆ ಅದು ಸುಳ್ಳು ಬೆಲೆಗಳನ್ನು ತೋರಿಸುತ್ತದೆ. ಅದನ್ನು ಪರೀಕ್ಷಿಸುವ ವಿಧಾನ ಸರಳ. ದಾಖಲೆ ಆರಂಭಿಸಿದ ಸ್ಥಳದಲ್ಲಿ ರಿಜಿಸ್ಟರುಗಳ ಬೆಲೆಗಳನ್ನೂ ಅನುಮಾನವಿರುವ ಸ್ಮೃತಿಭಾಗವನ್ನೂ ಬರೆದಿಟ್ಟುಕೊಳ್ಳಬೇಕು. ಡಂಪ್ ಎಂಬ ಆದೇಶ ಸ್ಮೃತಿಭಾಗವನ್ನು ಕಡತಕ್ಕೆ ಇಳಿಸಿಕೊಡುತ್ತದೆ. ಅನಂತರ 1,000 ಯಂತ್ರಾದೇಶ ಮುಂದಕ್ಕೆ, 1,000 ಹಿಂದಕ್ಕೆ. ಮತ್ತೆ ಬರೆದುಕೊಂಡು ಹೋಲಿಸಬೇಕು. ಒಂದು ಅಂಕೆಯೂ ವ್ಯತ್ಯಾಸವಾಗಿರಬಾರದು. ವ್ಯತ್ಯಾಸ ಕಂಡರೆ ಯಾವುದೋ ಒಂದು ಆದೇಶದ ಪರಿಣಾಮವನ್ನು ಕೀರ್ದಿ ಬರೆದುಕೊಂಡಿಲ್ಲ. ಅದು ಎಷ್ಟನೆಯದು? ಹೊಸದಾಗಿ ಆರಂಭಿಸಿ 500 ಹೆಜ್ಜೆ ಹೋಗಿ ಮರಳಿರಿ. ಸರಿ ಬಂದರೆ ತಪ್ಪು 500ರ ಆಚೆ, ಈಗ 750. ತಪ್ಪು ಬಂದರೆ ಈಚೆ, ಈಗ 250. ಪ್ರತಿ ಪರೀಕ್ಷೆಗೆ ಕ್ಷೇತ್ರ ಅರ್ಧವಾಗುವುದರಿಂದ, ಎರಡರ ಹತ್ತನೆಯ ಘಾತ 1,024 ಆದ್ದರಿಂದ, ಹತ್ತು ಪರೀಕ್ಷೆಗಳಲ್ಲಿ ಆದೇಶ ಸಿಕ್ಕಿಬೀಳುತ್ತದೆ. 2,00,000 ಆದೇಶಗಳ ಇಡೀ ಕೀರ್ದಿಗೂ 18 ಪರೀಕ್ಷೆ ಸಾಕು. ಘಾತಾಂಕಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಆದರೆ ಪರೀಕ್ಷೆ ಸರಿ ಬಂದಿತೆಂದರೆ ಕೀರ್ದಿ ನಿರ್ದೋಷವೆಂದು ಅರ್ಥವಲ್ಲ. ಕರಿಹಲಗೆಯ ಎರಡನೆಯ ಆಟದಲ್ಲಿ ಅ-ದ ತಪ್ಪು ಬೆಲೆಯನ್ನು ಮೊದಲ ನಮೂದು ಮುಚ್ಚಿಹಾಕಿತ್ತು. ಇಲ್ಲಿಯೂ ಅದೇ ಕೋಶವನ್ನು ಮೊದಲೇ ಬದಲಿಸಿ ದಾಖಲಾಗಿದ್ದ ಇನ್ನೊಂದು ಆದೇಶ ತಪ್ಪನ್ನು ಮರೆಮಾಡಬಹುದು. ಆದ್ದರಿಂದ ದಾಖಲೆಯ ಆರಂಭವನ್ನು ಅನುಮಾನದ ಸ್ಥಳಕ್ಕೆ ಹತ್ತಿರ ಹತ್ತಿರ ತಂದು ಪರೀಕ್ಷೆಯನ್ನು ಪುನಃ ಮಾಡಬೇಕು. ಸೆಟ್ ಡಿಬಗ್ ರೆಕಾರ್ಡ್ ಎಂದು ಹೇಳಿದರೆ ಕೀರ್ದಿ ಬರೆಯುವಾಗಿನ ಒಳವಿವರಗಳನ್ನು ಡಿಬಗರ್ ತಾನೇ ತೋರಿಸುತ್ತದೆ. ಓದಲು ತಾಳ್ಮೆ ಬೇಕು.

ಕೀರ್ದಿಯ ಈ ಉಪಾಯ ಸೋತಲ್ಲಿ ಬೇರೆ ಉಪಾಯದ ಡಿಬಗರ್ ಇದೆ. ಮೊಜಿಲ್ಲಾದಲ್ಲಿ ಬೆಳೆದು 2014ರಲ್ಲಿ ಹೊರಬಂದ ಆರ್‌ಆರ್ ಎಂಬುದು ಪ್ರತಿ ಆದೇಶವನ್ನೂ ಬರೆದುಕೊಳ್ಳುವುದಿಲ್ಲ. ಹೊರಗಿನಿಂದ ಕಾರ್ಯಕ್ರಮಕ್ಕೆ ಏನೇನು ಬಂತು, ಯಾವ ಕ್ಷಣದಲ್ಲಿ ಬಂತು ಎಂಬುದನ್ನು ಮಾತ್ರ ದಾಖಲಿಸಿ, ಉಳಿದುದನ್ನು ಮತ್ತೆ ಓಡಿಸಿ ಪಡೆಯುತ್ತದೆ. ಹಿಂದಕ್ಕೆ ಹೋಗು ಎಂದರೆ ಅದು ನಿಜವಾಗಿ ಹಿಂದಕ್ಕೆ ಹೋಗುವುದೇ ಇಲ್ಲ. ಹಿಂದಿನ ಯಾವುದೋ ತಂಗುದಾಣದ ಪ್ರತಿಯಿಂದ ಮುಂದಕ್ಕೆ ಓಡಿ, ಬೇಕಾದ ಕ್ಷಣಕ್ಕೆ ಸರಿಯಾಗಿ ನಿಲ್ಲುತ್ತದೆ. ಎವಿಎಕ್ಸ್ ಆದೇಶಗಳಿಂದ ಅದಕ್ಕೆ ತೊಂದರೆಯಿಲ್ಲ, ವೇಗವೂ ಹೆಚ್ಚು. ಅದರ ಅಡಚಣೆಗಳು ಬೇರೆ ಬಗೆಯವು. ಕ್ಷಣವನ್ನು ಗುರುತಿಸಲು ಪ್ರೊಸೆಸರಿನೊಳಗಿನ ಎಣಿಕೆಯ ಸಾಧನ ಬೇಕು. ವರ್ಚುವಲ್ ಯಂತ್ರಗಳಲ್ಲಿ ಅದು ಹಲವೆಡೆ ಸಿಗುವುದಿಲ್ಲ. ಲಿನಕ್ಸಿನ ಪರ್ಫ್-ಇವೆಂಟ್-ಪ್ಯಾರನಾಯ್ಡ್ ಎಂಬ ರಕ್ಷಣಾ ಮಟ್ಟ 1 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅದನ್ನು ಇಳಿಸಲು ಯಂತ್ರದ ಆಡಳಿತಾಧಿಕಾರ ಬೇಕಾದ್ದರಿಂದ ಪ್ರಯೋಗಾಲಯದ ಉಸ್ತುವಾರಿ ಶಿಕ್ಷಕರನ್ನು ಕೇಳಿಕೊಂಡೇ ಮಾಡಬೇಕು. ಎಲ್ಲ ಎಳೆಗಳನ್ನೂ ಒಂದೇ ಕೋರಿನ ಮೇಲೆ ಸರದಿಯಲ್ಲಿ ಓಡಿಸುವುದರಿಂದ, ಎಳೆಗಳ ಪೈಪೋಟಿಯಿಂದ ಹುಟ್ಟುವ ಕೆಲವು ತಪ್ಪುಗಳು ಅದರ ಮುಂದೆ ತಲೆ ಎತ್ತುವುದೇ ಇಲ್ಲ. ಅಂತಹ ಸಂದರ್ಭಕ್ಕೆಂದು ಸರದಿಯನ್ನು ಬೇಕೆಂದೇ ಏರುಪೇರು ಮಾಡುವ ಕೇಯಾಸ್ ಎಂಬ ವಿಧಾನವನ್ನು ಅದರಲ್ಲಿ ಸೇರಿಸಿದ್ದಾರೆ.

ತಪ್ಪು ಡಿಬಗರಿನದೇ ಎಂದು ಖಚಿತವಾದರೆ ಅದನ್ನು ತಿಳಿಸಲು ದಾರಿಯಿದೆ. ಜಿಡಿಬಿಯ ದೋಷಗಳ ದಾಖಲೆ ಸೋರ್ಸ್‌ವೇರ್ ಎಂಬ ತಾಣದ ಬಗ್‌ಜಿಲ್ಲಾದಲ್ಲಿದೆ. ಡಿಬಗರಿನ ಆವೃತ್ತಿ, ಪ್ರೊಸೆಸರಿನ ಬಗೆ, ಕಂಪೈಲರಿಗೆ ಕೊಟ್ಟ ಸೂಚನೆಗಳು, ಕೊಟ್ಟ ಆದೇಶಗಳು ಕ್ರಮವಾಗಿ, ಬಂದ ಸಂದೇಶ ಅಕ್ಷರಶಃ ಇಷ್ಟನ್ನು ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಪ್ಪನ್ನು ತೋರಿಸುವ ಅತ್ಯಂತ ಚಿಕ್ಕ ಕಾರ್ಯಕ್ರಮವನ್ನು ಜೊತೆಗಿಡಬೇಕು. ಅಂಕಪಟ್ಟಿಯಂತಹ ಕಾರ್ಯಕ್ರಮವನ್ನು ಕಳುಹಿಸುವುದಾದರೆ ಮಕ್ಕಳ ಹೆಸರು ಮತ್ತು ಅಂಕಗಳಿರುವ ಕಡತವನ್ನು ಕಳುಹಿಸಕೂಡದು. ಅದರ ಬದಲು ಕೈಗೆ ಬಂದ ಸಂಖ್ಯೆಗಳನ್ನು ತುಂಬಿದರೆ ಸಾಕು, ತಪ್ಪು ಅಲ್ಲಿಯೂ ತೋರಬೇಕು. ತೋರದಿದ್ದರೆ ನಾವು ಇನ್ನೂ ಕಾರಣವನ್ನು ಹಿಡಿದಿಲ್ಲವೆಂದು ತಿಳಿದು ಮತ್ತೆ ಕೀರ್ದಿಯನ್ನು ತೆರೆಯಬೇಕು.